ನೋಟ್‌ಬುಕ್ಕಿನಾಗ 0.38, ಫೈಲಿನಾಗ 0.83: ರೈತರ ಮುಂದ ಯಾವುದು ಓದಲಿ?

ಎರಿಹೊಲ, ಆಳಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಅದ, ಪೂರ್ತಿ ಓದಿ ಹೇಳ್ರಿ.

ನಾನು ಒಂದು ಮಣ್ಣು ಪರೀಕ್ಷಾ ಯೋಜನ್ಯಾಗ ಸಹಾಯಕಿ ಇದ್ದೀನಿ. ಯಾವ ಸಂಸ್ಥಿ ಅಂತ ಕೇಳಬ್ಯಾಡ್ರಿ. ಆಳಂದ, ಚಿಂಚೋಳಿ ಕಡಿ ತೊಗರಿ ಹೊಲದ ಮಣ್ಣು ತಂದು ಪಿಎಚ್, ಲವಣ, ಸಾವಯವ ಇಂಗಾಲ, ಜಿಂಕ್ ನೋಡಿ, ಆಮ್ಯಾಲ ಊರಾಗ ಸಭೆ ಕರದು ರೈತರಿಗಿ ಹೇಳೋದು ನಮ್ಮ ಕೆಲಸ. ಈಗ ವರದಿ ಬರಿಯೋ ಟೈಮ್ ಬಂತು. ಹಿಂದಿನ ಹಂಗಾಮಿನ ಎಕ್ಸೆಲ್ ಫೈಲ್ ತಗದು ಲ್ಯಾಬ್ ನೋಟ್‌ಬುಕ್ ಜೊತಿ ತಾಳಿ ನೋಡ್ಲಾಕ ಕುಂತೆ. ಒಂದು ಊರಿನ ನಾಲ್ಕು ಸಾಲಿನಾಗ ಜಿಂಕ್ ಬ್ಯಾರೆ ಅದ.

ಮೊದಲನೇದು ನೋಟ್‌ಬುಕ್ಕಿನಾಗ ನೀಲಿ ಪೆನ್ನಿಲೆ 0.38 ಅಂತ ಸ್ವಚ್ಛ ಬರದದ, ಫೈಲಿನಾಗ 0.83. ಇದೊಂದೇ ಆಗಿದ್ರ ಟೈಪ್ ಮಾಡುವಾಗ ಅಂಕಿ ಅದಲಿ ಬದಲಿ ಆಗ್ಯಾವ ಅಂತ ಬಿಡ್ತಿದ್ದೆ. ಉಳಿದ ಮೂರು ಹಂಗಿಲ್ಲ. 0.41 ಇದ್ದದ್ದು 0.71 ಆಗ್ಯಾದ, 0.44 ಇದ್ದದ್ದು 0.74, 0.52 ಇದ್ದದ್ದು 0.72. ಈ ಕೆಲಸದವರಿಗಿ ಇದರ ಅರ್ಥ ಹೇಳಬೇಕಾಗಿಲ್ಲ. ಉಳಿದವರಿಗಿ ಹೇಳ್ತೀನಿ: ಜಿಂಕ್ 0.6 ಪಿಪಿಎಂ (ಹತ್ತು ಲಕ್ಷ ಭಾಗ ಮಣ್ಣಿನಾಗ 0.6 ಭಾಗ) ಕೆಳಗ ಇದ್ರ ಕೊರತಿ ಅಂತ ಬರೀತೀವಿ, ಮ್ಯಾಲ ಇದ್ರ ಸಾಕು ಅಂತ. ನಾಲ್ಕೂ ಹೊಲ ಗೆರಿ ದಾಟಿ ಆ ಕಡಿ ಹೋಗ್ಯಾವ. ಜಿಂಕ್ ಸಲ್ಫೇಟ್ ಹಾಕ್ರಿ ಅನ್ನಬೇಕಾದವರಿಗಿ ನಾವು ಬ್ಯಾಡ ಅಂದೀವಿ.

ಯಾರು ತಿದ್ದಿದ್ರು ಅಂತ ಗೊತ್ತಾಗೋ ದಾರಿ ಇಲ್ಲ. ಇಡೀ ಲ್ಯಾಬಿಗಿ ಒಂದೇ ಲಾಗಿನ್, ಪಾಸ್‌ವರ್ಡ್ ಮಾನಿಟರ್ ಮ್ಯಾಲೇ ಚೀಟಿ ಅಂಟಿಸ್ಯಾರ. ಫೋಲ್ಡರ್‌ನಾಗ ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಸರ್ ನೋಡಿದ್ದು’ ಅಂತ ಮೂರು ಅದಾವ, ಮೂರರಾಗೂ 0.83 ಅದ. ಸರ್ ಮುಂದ ಇಟ್ಟೆ. “ಹಳಿ ಫೈಲ್ ಯಾಕ ಕೆದರ್ತೀ? ನೋಟ್‌ಬುಕ್ ಪ್ರಕಾರ ಸರಿ ಮಾಡಿ ಸೇವ್ ಮಾಡು, ಮುಗೀತು. ರೈತರು ಯಾರು ನೆನಪಿಟ್ಟಿರ್ತಾರ?” ಅಂದ್ರು.

ನೆನಪಿಡ್ತಾರ್ರೀ. ಆ ಊರಿನ ಒಬ್ಬ ಹಿರಿಯರು ನಾವು ಕೊಟ್ಟ ಚೀಟಿ ಬ್ಯಾಂಕ್ ಪಾಸ್‌ಬುಕ್ ಜೊತಿ ಪ್ಲಾಸ್ಟಿಕ್ ಚೀಲದಾಗ ಇಟ್ಕೊಂಡಾರ. ಹೋದ ಸಭೆಯಾಗ ತಗದು ತೋರ್ಸಿದ್ರು.

ಇನ್ನೊಂದು ತಲಿಬ್ಯಾನಿ. ಸರ್ವೆ ನಂಬರ್ ಕಾಲಂನಾಗ 12/3 ಅಂತ ಹೊಡದದ್ದು 12-ಮಾರ್ಚ್ ಆಗಿ ಕುಂತದ. ಯಾವುದು ಯಾರ ಹೊಲ ಅಂತ ಕೆಲವು ಸಾಲಿನಾಗ ತಿಳೀವಲ್ದು.

ಸುಮ್ಮನೆ ತಿದ್ದಿ ಸೇವ್ ಮಾಡೋದು ನನಗ ಒಪ್ಪಿಗಿ ಇಲ್ಲ. ಹಂಗಂತ ಸಭೆಯಾಗ ನಿಂತು “ನಮ್ಮ ಅಂಕಿ ತಪ್ಪಿತ್ತು” ಅಂದ್ರ ಮುಂದ ಯಾರರ ಮಣ್ಣು ಕೊಡ್ತಾರ? ಮೊದಲು ಏನು ಮಾಡಲಿ? ಮತ್ತ ರೈತರು ಫೈಲೇ ಕೇಳಿದ್ರ ಕೊಡಬಹುದಾ?


ಕಾರಂಜಾ ದಂಡಿ, ಬೀದರ್:

ಮೊದಲು ಮಾಡಬೇಕಾದ್ದು ಏನೂ ಮಾಡದೆ ಇರೋದು. ಆ ಮೂರು ಫೈಲ್‌ಗಳನ್ನು ತೆರೆದು ಸೇವ್ ಒತ್ತಬೇಡಿ. ಹೇಗಿವೆಯೋ ಹಾಗೇ ಬೇರೆ ಡ್ರೈವ್‌ಗೆ ನಕಲು ಮಾಡಿ ‘ರೀಡ್ ಓನ್ಲಿ’ ಮಾಡಿಡಿ. ನೋಟ್‌ಬುಕ್ಕಿನ ಆ ಪುಟಗಳ ಫೋಟೊ ತೆಗೆಯಿರಿ, ಪುಟದ ನಂಬರ್ ಕಾಣುವ ಹಾಗೆ.

ನಾನು ಪಶುವೈದ್ಯಕೀಯ ಮಾದರಿಗಳ ದತ್ತಾಂಶ ನೋಡಿಕೊಳ್ಳುವವನು. ನಮ್ಮಲ್ಲಿ ಒಂದು ಪದ್ಧತಿ ಇದೆ. ಮೂಲ ಫೈಲ್ ಬಂದ ದಿನವೇ ಅದರ ಎಸ್‌ಎಚ್‌ಎ-256 ಮೊತ್ತ (ಫೈಲಿನ ಬೆರಳಚ್ಚು ಇದ್ದ ಹಾಗೆ) ತೆಗೆದು ಎಲ್ಲರಿಗೂ ಇಮೇಲ್ ಮಾಡಿಬಿಡುತ್ತೇವೆ. ವಿಂಡೋಸ್‌ನಲ್ಲೇ ಸರ್ಟ್‌ಯುಟಿಲ್ ಅಂತ ಆಜ್ಞೆ ಇದೆ, ಹೊಸದೇನೂ ಹಾಕಿಕೊಳ್ಳಬೇಕಿಲ್ಲ. 64 ಅಕ್ಷರದ ಒಂದು ಸಾಲು ಬರುತ್ತದೆ. ಫೈಲಿನಲ್ಲಿ ಒಂದು ದಶಮಾಂಶ ಬದಲಾದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ಯಾರು ತಿದ್ದಿದರು ಅಂತ ಇದು ಹೇಳುವುದಿಲ್ಲ, ಆದರೆ ತಿದ್ದಿಲ್ಲ ಅಂತ ತೋರಿಸಲಿಕ್ಕೆ ಇದಕ್ಕಿಂತ ಅಗ್ಗದ ಸಾಕ್ಷಿ ಇಲ್ಲ.

ತಿದ್ದುಪಡಿಯನ್ನು ಮೂಲದ ಮೇಲೆ ಮಾಡಲೇಬಾರದು. ಪಕ್ಕದಲ್ಲಿ ಬೇರೆ ಹಾಳೆ ಇರಲಿ: ಮಾದರಿ ನಂಬರ್, ಹಳೆಯ ಅಂಕಿ, ಹೊಸ ಅಂಕಿ, ಯಾಕೆ, ಯಾರು, ಯಾವತ್ತು. ಲಾಗಿನ್ ವಿಷಯ ಸರ್ ಒಪ್ಪಲಿ ಬಿಡಲಿ, ಆ ಚೀಟಿಯನ್ನು ಇವತ್ತೇ ಕಿತ್ತುಹಾಕಿ.

12-ಮಾರ್ಚ್ ನೋಡಿ ನಗು ಬಂತು, ಸಿಟ್ಟೂ ಬಂತು. ಇದು ಜಗತ್ತಿನ ರೋಗ. ಮನುಷ್ಯರ ಜೀನ್‌ಗಳಲ್ಲಿ ಮಾರ್ಚ್1, ಸೆಪ್ಟ್2 ಅಂತ ಹೆಸರುಗಳಿದ್ದವು. ಎಕ್ಸೆಲ್ ಅವನ್ನೆಲ್ಲ ತಾರೀಖು ಮಾಡುತ್ತಿತ್ತು. 2016ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಜೀನ್ ಪಟ್ಟಿಯ ಎಕ್ಸೆಲ್ ಫೈಲ್ ಲಗತ್ತಿಸಿದ ಪ್ರಬಂಧಗಳನ್ನು ಜಾಲಾಡಿದಾಗ ಸುಮಾರು ಐದರಲ್ಲಿ ಒಂದು ಪ್ರಬಂಧದಲ್ಲಿ ಈ ತಪ್ಪು ಸಿಕ್ಕಿತು. ಕೊನೆಗೆ 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಿಸಿದರು! ಎಕ್ಸೆಲ್ ಬಗ್ಗಲಿಲ್ಲ, ವಿಜ್ಞಾನ ಬಗ್ಗಿತು. ತಾನಾಗಿ ತಾರೀಖು ಮಾಡಬೇಡ ಅನ್ನುವ ಆಯ್ಕೆಯನ್ನು ಮೈಕ್ರೋಸಾಫ್ಟ್ ಕೊಟ್ಟದ್ದು 2023ರಲ್ಲಿ. ಭೂಮಿಯ ಸರ್ವೆ ನಂಬರ್ ಬದಲಿಸಲಿಕ್ಕಂತೂ ಆಗುವುದಿಲ್ಲ. ಹಾಗಾಗಿ ಆ ಕಾಲಂ ಅನ್ನು ಟೈಪ್ ಮಾಡುವ ಮೊದಲೇ ‘ಟೆಕ್ಸ್ಟ್’ ಅಂತ ಆಯ್ಕೆ ಮಾಡಿ. ಆಮೇಲೆ ಮಾಡಿದರೆ 12/3 ವಾಪಸ್ ಬರುವುದಿಲ್ಲ, ಯಾವುದೋ ಐದಂಕಿಯ ಸಂಖ್ಯೆ ಬರುತ್ತದೆ. ಹಿಸ್ಸಾ ಸೇರಿಸಿ 12/3/2 ಅಂತ ಹೊಡೆದಿದ್ದರೆ 2002ನೇ ಇಸವಿಯ ಮಾರ್ಚ್ 12 ಆಗಿರುತ್ತದೆ. ಅಂಥವನ್ನು ಮಣ್ಣಿನ ಚೀಲದ ಮೇಲಿನ ಚೀಟಿ ನೋಡಿಯೇ ಸರಿ ಮಾಡಬೇಕು, ಊಹೆ ಮಾಡಬೇಡಿ.


ಜೇವರ್ಗಿ ರೋಡ್:

ನಾನು ನಿಮ್ಮ ಸರ್ ಕಡೆ ಅಂತಲ್ಲ. ಆದರೂ ಕೇಳುತ್ತೇನೆ, ಸಭೆಯಲ್ಲಿ ಹೇಳಿ ಸಿಗುವುದೇನು? ನಾಲ್ಕು ಹೊಲದ ತಪ್ಪು ಒಪ್ಪಿಕೊಂಡರೆ ಸಂಜೆಯೊಳಗೆ ವಾಟ್ಸ್‌ಆ್ಯಪ್‌ನಲ್ಲಿ “ಮಣ್ಣು ಪರೀಕ್ಷೆ ಎಲ್ಲಾ ಬೋಗಸ್” ಅಂತ ಹರಿದಾಡುತ್ತದೆ. ಗೊಬ್ಬರದ ಅಂಗಡಿಯವರಿಗೆ ಅಷ್ಟೇ ಬೇಕು.

2009ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಹವಾಮಾನ ಘಟಕದ ಇಮೇಲ್‌ಗಳನ್ನು ಕದ್ದು ಹರಡಿದಾಗ ಏನಾಯಿತು? ಒಂದಾದ ಮೇಲೆ ಒಂದು ವಿಚಾರಣೆ ನಡೆದವು. ಅಂಕಿ ಹುಟ್ಟಿಸಿದ್ದು ಎಲ್ಲೂ ಸಿಗಲಿಲ್ಲ. ಆದರೂ ಹವಾಮಾನ ಬದಲಾವಣೆಯೇ ಸುಳ್ಳು ಅನ್ನುವವರಿಗೆ ಹಬ್ಬ. ಒಳಗಿನ ಮಾತು ಒಳಗೇ ಇದ್ದರೆ ಚೆಂದ. ವರದಿಯಲ್ಲಿ ಸರಿಯಾದ ಅಂಕಿ ಹಾಕಿ, ಆ ನಾಲ್ಕು ಮಂದಿಗೆ ಫೋನ್ ಮಾಡಿ ಜಿಂಕ್ ಹಾಕಿ ಅನ್ನಿ. ಊರಿಗೆಲ್ಲ ಡಂಗುರ ಯಾಕೆ?


ಕಾರಂಜಾ ದಂಡಿ, ಬೀದರ್:

ಅದೇ ಉದಾಹರಣೆಯನ್ನು ಪೂರ್ತಿ ಓದಿ ಸಾರ್. 2010ರಲ್ಲಿ ಮ್ಯೂರ್ ರಸೆಲ್ ನೇತೃತ್ವದ ವಿಚಾರಣೆ ಎರಡು ಮಾತು ಹೇಳಿತು. ಆ ವಿಜ್ಞಾನಿಗಳ ಪ್ರಾಮಾಣಿಕತೆಯಲ್ಲಿ ಸಂಶಯವಿಲ್ಲ ಅಂತ ಒಂದು. ದತ್ತಾಂಶ ಕೇಳಿದವರಿಗೆ ಮುಕ್ತವಾಗಿ ಕೊಡುವುದರಲ್ಲಿ ಸತತವಾಗಿ ಹಿಂದೆ ಬಿದ್ದರು ಅಂತ ಇನ್ನೊಂದು. ಒಳಗಿನ ಮಾತು ಒಳಗೇ ಇಟ್ಟದ್ದಕ್ಕೇ ಕಳ್ಳರಿಗೆ ಅಷ್ಟು ಬೆಲೆ ಬಂತು.

ಮುಚ್ಚಿದ ದತ್ತಾಂಶ ಯಾವ ಮಟ್ಟಕ್ಕೆ ಹೋಗುತ್ತದೆ ಅಂದರೆ, 2020ರ ಮೇ ತಿಂಗಳಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಕೋವಿಡ್‌ಗೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧದ ಕುರಿತು ಬಂದ ಪ್ರಬಂಧ ನೆನಪಿಸಿಕೊಳ್ಳಿ. 671 ಆಸ್ಪತ್ರೆ, 96 ಸಾವಿರ ರೋಗಿಗಳು ಅಂದಿದ್ದರು. ಅದನ್ನು ನಂಬಿ ವಿಶ್ವ ಆರೋಗ್ಯ ಸಂಸ್ಥೆ ಆ ಔಷಧದ ಪ್ರಯೋಗವನ್ನೇ ತಡೆಹಿಡಿಯಿತು. ಸ್ವತಂತ್ರ ಪರಿಶೀಲಕರು ಮೂಲ ದಾಖಲೆ ಕೇಳಿದಾಗ ಆ ದತ್ತಾಂಶ ಒದಗಿಸಿದ್ದ ಸರ್ಜಿಸ್ಫಿಯರ್ ಕಂಪನಿ ಕೊಡಲಿಲ್ಲ. ಜೂನ್ 4ಕ್ಕೆ ಪ್ರಬಂಧ ವಾಪಸ್, ಎರಡು ವಾರವೂ ತುಂಬಿರಲಿಲ್ಲ. ಬರೆದ ಲೇಖಕರಲ್ಲೇ ಮೂವರು ಮೂಲ ದತ್ತಾಂಶಕ್ಕೆ ತಾವು ಜವಾಬ್ದಾರಿ ಹೊರಲಾರೆವು ಅಂದರು.


ಶಹಾಪುರ ಮಾಸ್ತರ್:

ತಂಗಿ, ನಾನು ಮಣ್ಣು ಪರೀಕ್ಷಾ ಕೇಂದ್ರದಾಗ ಇದ್ದು ರಿಟೈರ್ ಆದಾಂವ. ಕಂಪ್ಯೂಟರ್ ಬರೋದಕ್ಕಿಂತ ಮೊದಲು ಇದ್ದೆ, ಬಂದ ಮ್ಯಾಲೂ ಇದ್ದೆ. ನಿನ್ನ ನಾಲ್ಕು ಸಾಲು ಓದಿ ಕಾಗದದ ಮ್ಯಾಲ ಲೆಕ್ಕ ಹಾಕಿದೆ.

ಜಿಂಕ್ ಹ್ಯಾಂಗ ತಗೀತೀವಿ? ಹತ್ತು ಗ್ರಾಂ ಮಣ್ಣು, ಮಣ್ಣಿನಾಗಿನ ಜಿಂಕ್ ಬಿಡಿಸಿಕೊಳ್ಳೋ ಡಿಟಿಪಿಎ ದ್ರಾವಣ ಇಪ್ಪತ್ತು ಮಿಲಿ, ಎರಡು ತಾಸು ಅಲ್ಲಾಡ್ಸೋದು, ಸೋಸೋದು, ಜಿಂಕ್ ಅಳಿಯೋ ಎಎಎಸ್ ಯಂತ್ರಕ್ಕ ಕೊಡೋದು. ಯಂತ್ರ ಹೇಳಿದ್ದನ್ನ ಎರಡಕ್ಕ ಗುಣಿಸಿದ್ರ ಮಣ್ಣಿನ ಲೆಕ್ಕ. ಈ ಗುಣಾಕಾರ ಯಾರರ ಮರತು, ಆಮ್ಯಾಲ ಸರಿ ಮಾಡಿದ್ರ ನಾಲ್ಕೂ ಅಂಕಿ ಎರಡು ಪಟ್ಟು ಆಗಬೇಕಿತ್ತು. ಆಗಿಲ್ಲ. ಬ್ಲ್ಯಾಂಕ್, ಅಂದ್ರ ಮಣ್ಣು ಹಾಕದ ಬರೇ ದ್ರಾವಣದ ಅಂಕಿ, ಕಳಿಯೋದು ತಪ್ಪಿದ್ರ ನಾಲ್ಕಕ್ಕೂ ಒಂದೇ ಅಷ್ಟು ಕೂಡಬೇಕಿತ್ತು. ನಿಂದ್ರಾಗ ಒಂದಕ್ಕ 0.45 ಕೂಡ್ಯದ, ಎರಡಕ್ಕ 0.30, ಇನ್ನೊಂದಕ್ಕ 0.20. ಯಾವ ಲೆಕ್ಕದ ತಪ್ಪೂ ಹಿಂಗ ಬರಂಗಿಲ್ಲ. ಅಂದ್ರ ಒಂದೋ ಯಾರೋ ಆ ನಾಲ್ಕು ಮಾದರಿ ಮತ್ತೊಮ್ಮೆ ಓಡಿಸಿ ಹೊಸ ಅಂಕಿ ಹಾಕ್ಯಾರ, ನೋಟ್‌ಬುಕ್ಕಿನಾಗ ಬರೀಲಿಲ್ಲ. ಇಲ್ಲಾ ಕುಂತಲ್ಲೇ ಹಾಕ್ಯಾರ. ಯಾವುದು ಅಂತ ಗೊತ್ತಾಗೋ ತನಕ ಯಾರನ್ನೂ ಕಳ್ಳ ಅನಬ್ಯಾಡ. ಆದ್ರ ನೋಟ್‌ಬುಕ್ಕೇ ಖರೇ ಅಂತಲೂ ಹಿಡೀಬ್ಯಾಡ. ನಿಮ್ಮ ಸರ್ ‘ನೋಟ್‌ಬುಕ್ ಪ್ರಕಾರ ತಿದ್ದು’ ಅಂದ್ರಲ್ಲ, ಅದೂ ನೋಡದೇ ತಿದ್ದೋದೇ ಆಯ್ತು.

ಎಎಎಸ್‌ಗಿ ಕಟ್ಟಿದ ಕಂಪ್ಯೂಟರಿನಾಗ ಆ ದಿನದ ಓಟದ ಫೈಲ್ ಇರ್ತದ, ತಾರೀಖು, ಟೈಮ್ ಸಮೇತ. ಅದನ್ನ ಹುಡುಕು. ಅದೇ ಮೊದಲನೇ ಸಾಕ್ಷಿ. ನೋಟ್‌ಬುಕ್ ಎರಡನೇದು, ನಿನ್ನ ಎಕ್ಸೆಲ್ ಮೂರನೇದು. ಆಮ್ಯಾಲ ಜರಡಿ ಹಿಡಿದು ಇಟ್ಟ ಮಣ್ಣಿನ ಚೀಲ ಇರಬೇಕಲ್ಲ, ತಗದು ಮತ್ತೊಮ್ಮೆ ಓಡಿಸು. ಮಾದರಿ ನಂಬರ್ ಮುಚ್ಚಿ ಬ್ಯಾರೆಯವರ ಕೈಲೆ ಓಡಿಸು. ನಡುವ ಜಿಂಕ್ ಎಷ್ಟದ ಅಂತ ಮೊದಲೇ ಗೊತ್ತಿರೋ ಮಣ್ಣು ಒಂದು ಇಡು.

ಇನ್ನೊಂದು ಕೇಳ್ತೀನಿ. ಆ ಊರಿನ ಮಣ್ಣು ಯಾವುದರಾಗ ತಂದ್ರಿ? ಗ್ಯಾಲ್ವನೈಸ್ ಬಕೀಟಿನಾಗ ತಂದ್ರ ಬಕೀಟಿನ ಜಿಂಕೇ ಮಣ್ಣಿಗಿ ಹತ್ತತದ, ಅಂಕಿ ಏರತದ. ಇದನ್ನ ಬರಿಯೋ ಕಾಲಂ ನಿಮ್ಮ ಫೈಲಿನಾಗ ಇರಂಗಿಲ್ಲ ಅಂತ ನನಗ ಗೊತ್ತು. ಅಂಕಿ ಇಟ್ಟು, ಅಂಕಿ ಹ್ಯಾಂಗ ಬಂತು ಅಂಬೋದು ಇಡಂಗಿಲ್ಲ. ನಮ್ಮ ಕಾಲದಾಗ ಪುಟದ ನಂಬರ್ ಹೊಡದ ಹೊಲದ ರಿಜಿಸ್ಟರ್ ಇತ್ತು. ತಪ್ಪಿದ್ರ ಒಂದೇ ಗೆರಿ ಎಳಿಬೇಕು, ಕೆಳಗಿನ ಅಂಕಿ ಕಾಣಬೇಕು, ಪಕ್ಕದಾಗ ಸಹಿ, ತಾರೀಖು. ವೈಟ್ನರ್ ಬಾಟ್ಲಿ ಲ್ಯಾಬಿನೊಳಗ ತರ್ಲಾಕ ಬಿಡ್ತಿದ್ದಿಲ್ಲ. ಎಕ್ಸೆಲ್ ಅಂದ್ರ ಎಲ್ಲರ ಕೈಯಾಗೂ ವೈಟ್ನರ್ ಕೊಟ್ಟಂಗ.

ಈಗ ಜೇವರ್ಗಿ ರೋಡಿನವರ ಮಾತಿಗಿ. ರೈತರ ಭರೋಸಾ ಹ್ಯಾಂಗ ಹೋಗ್ತದ ಅಂಬೋದು ನಾ ಕಣ್ಣಾರೆ ನೋಡೀನಿ. ಮಣ್ಣು ಆರೋಗ್ಯ ಕಾರ್ಡ್ 2015ರಾಗ ಬಂತು. ಹನ್ನೆರಡು ಅಂಶ ಇರ್ತಾವ ಅದರಾಗ. ಒಂದು ಊರಾಗ ಇಬ್ಬರು ಬಾಜೂ ಹೊಲದವರು ಎರಡು ಕಾರ್ಡ್ ತಂದು ಮೇಜಿನ ಮ್ಯಾಲ ಹೊಡದು, “ಹನ್ನೆರಡೂ ಅಂಕಿ ಒಂದೇ ಅದಾವಲ್ರೀ ಸಾಹೇಬ್ರ, ಹೊಲಕ್ಕ ಬಂದಿದ್ರೋ ಫ್ಯಾನಿನ ಬುಡಕ ಕುಂತು ಬರದ್ರೋ?” ಅಂದ್ರು. ಇಡೀ ಸಭೆ ನಕ್ಕಿತು. ಆ ಕಾರ್ಡ್ ಸುಳ್ಳಿರಲಿಲ್ಲ! ಯೋಜನೆಯ ನಿಯಮ ಹಂಗೇ ಇತ್ತು. ನೀರಾವರಿ ಇದ್ದಲ್ಲಿ ಎರಡೂವರೆ ಹೆಕ್ಟೇರಿಗಿ ಒಂದು ಮಾದರಿ, ಒಣ ಬೇಸಾಯ ಇದ್ದಲ್ಲಿ ಹತ್ತು ಹೆಕ್ಟೇರಿಗಿ ಒಂದು. ಹತ್ತು ಹೆಕ್ಟೇರ್ ಅಂದ್ರ ಇಪ್ಪತ್ತೈದು ಎಕರೆ ಸುಮಾರು, ಅದರಾಗ ಐದಾರು ಮಂದಿ ಹೊಲ ಬರ್ತಾವ. ಎಲ್ಲರಿಗೂ ಅದೇ ಅಂಕಿ ಹೋಗ್ತದ. ಅದನ್ನ ಯಾರೂ ರೈತರಿಗಿ ಬಾಯಿಬಿಟ್ಟು ಹೇಳಲಿಲ್ಲ. ‘ನಿಮ್ಮ ಹೊಲದ ಮಣ್ಣು’ ಅಂತ ಕೊಟ್ಟುಬಿಟ್ರು. ಖರೇ ಇದ್ದ ಅಂಕಿ ಬೋಗಸ್ ಅನಿಸ್ಕೊಂತು. ಅವರು ಮುಂದಿನ ವರ್ಷ ಮಣ್ಣು ಕೊಡಲಿಲ್ಲ. ತಪ್ಪಿದ ಅಂಕಿಗಿಂತ ಅದು ಹೆಚ್ಚು ಸುಟ್ಟಿತು ನಮ್ಮನ್ನ.

ಅದಕ್ಕ ಸಭೆಯಾಗ ಹೇಳು. ‘ತಪ್ಪಿತ್ತು’ ಅಂತ ತಲಿ ತಗ್ಗಿಸಿ ನಿಂದ್ರಬ್ಯಾಡ. ಹಳಿ ಅಂಕಿ ಇದು, ಹೊಸ ಅಂಕಿ ಇದು, ನಡುವ ಇಂಥದ್ದು ಮಾಡಿದ್ವಿ ಅಂತ ಮೂರೂ ತೋರ್ಸು. ಫೋನ್ ಮಾಡಿ ನಾಲ್ಕು ಮಂದಿಗಿ ಗುಟ್ಟಾಗಿ ಹೇಳಿದ್ರ ಐದನೇಯವನಿಗಿ ಕಟ್ಟಿ ಮ್ಯಾಲ ತಿಳೀತದ, ಹಾಲು ತರ್ಲಾಕ ಹೋದಾಗ.


ಜೇವರ್ಗಿ ರೋಡ್:

ಕಾರ್ಡಿನ ಸಂಗತಿ ನಮ್ಮೂರಲ್ಲೂ ಹೀಗೇ ಆಗಿತ್ತು ಮಾಸ್ತರ್. ನಾನೂ ಅದು ಸುಳ್ಳು ಕಾರ್ಡ್ ಅಂತಲೇ ತಿಳಿದಿದ್ದೆ. ಡಂಗುರದ ವಿಷಯದಲ್ಲಿ ಮಾತ್ರ ನನ್ನ ಅನುಮಾನ ಇನ್ನೂ ಹೋಗಿಲ್ಲ.


ಎರಿಹೊಲ, ಆಳಂದ:

ಮಾಸ್ತರ್, ಆ ಕೂಡೋ ಲೆಕ್ಕ ನನ್ನ ಕಣ್ಣಿಗಿ ಬಿದ್ದಿರಲಿಲ್ಲ. ಬಕೀಟು ಕೇಳಿದೆ, ಪ್ಲಾಸ್ಟಿಕ್ ಪುಟ್ಟಿ ಅಂತ ಹೇಳಿದ್ರು, ಬರದಿಟ್ಟದ್ದು ಮಾತ್ರ ಎಲ್ಲೂ ಇಲ್ಲ. ಯಂತ್ರದ ಕಂಪ್ಯೂಟರ್ ನಡುವ ಫಾರ್ಮ್ಯಾಟ್ ಮಾಡಿಸ್ಯಾರಂತ, ಆ ಹಂಗಾಮಿನ ಓಟ ಹೋಗ್ಯಾದ. ಮಣ್ಣಿನ ಚೀಲ ಹುಡುಕ್ಲಾಕ ಹತ್ತೀನಿ.

ಫೈಲ್ ಕೊಡೋ ಪ್ರಶ್ನೆಗಿ ಯಾರೂ ಉತ್ತರ ಕೊಡಲಿಲ್ಲ. ಆ ಹಿರಿಯರ ಮಗ ಕಾಲೇಜ್ ಹುಡುಗ, ‘ಇಡೀ ಊರಿನ ಶೀಟ್ ಕೊಡ್ರಿ ಅಕ್ಕಾ’ ಅಂತ ಗಂಟು ಬಿದ್ದಾನ.


ಕಾರಂಜಾ ದಂಡಿ, ಬೀದರ್:

ಅವರದ್ದೇ ಹೊಲದ ಸಾಲನ್ನು ಪೂರ್ತಿ ಕೊಡಿ, ಹಳೆಯ ಅಂಕಿ, ತಿದ್ದುಪಡಿ ಎಲ್ಲ ಸೇರಿಸಿ. ಅದು ಅವರ ಮಣ್ಣು. ಇಡೀ ಊರಿನದ್ದಾದರೆ ಸ್ವಲ್ಪ ತಡೆಯಿರಿ. ಹೆಸರು, ಮೊಬೈಲ್ ನಂಬರ್ ತೆಗೆದರೆ ಸಾಕು ಅಂತ ಬಹಳ ಜನ ತಿಳಿದಿದ್ದಾರೆ. ಸರ್ವೆ ನಂಬರ್ ಉಳಿದರೆ ಹೆಸರು ಉಳಿದಂತೆಯೇ. ನಮ್ಮ ರಾಜ್ಯದಲ್ಲಿ ಸರ್ಕಾರದ ‘ಭೂಮಿ’ ಅನ್ನುವ ಭೂದಾಖಲೆ ತಂತ್ರಾಂಶದಲ್ಲಿ ಸರ್ವೆ ನಂಬರ್ ಹೊಡೆದರೆ ಪಹಣಿಯಲ್ಲಿ ಮಾಲೀಕರ ಹೆಸರು ಯಾರಿಗೆ ಬೇಕಾದರೂ ಕಾಣುತ್ತದೆ. ಹೊಲ ಸವಳಾಗಿದೆ ಅಂತ ಕೊಳ್ಳುವವನಿಗೆ ಗೊತ್ತಾದರೆ ಎಕರೆಗೆ ರೇಟು ಇಳಿಸದೆ ಬಿಡುತ್ತಾನೆಯೇ? 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯನ್ನು ಬದಿಗಿಟ್ಟರೂ ಮಣ್ಣು ಕೊಟ್ಟವರಿಗೆ ಇಷ್ಟು ಋಣ ಇದೆ.

ಎಲ್ಲರಿಗೂ ಕೊಡುವ ಫೈಲಿನಲ್ಲಿ ಊರು, ಮಣ್ಣಿನ ಬಣ್ಣ, ನೀರಾವರಿಯೋ ಒಣ ಬೇಸಾಯವೋ, ಅಂಕಿಗಳು, ತಿದ್ದುಪಡಿ ಹಾಳೆ ಇರಲಿ. ಸರ್ವೆ ನಂಬರ್ ಬದಲು ನಿಮ್ಮದೇ ಒಂದು ಕೋಡ್ ಹಾಕಿ, ಕೋಡಿನ ಕೀಲಿ ಲ್ಯಾಬಿನಲ್ಲೇ ಇರಲಿ. ವರದಿ ಮುಗಿದ ಮೇಲೆ ಅದನ್ನು ಜೆನೊಡೊದಲ್ಲಿ ಹಾಕಬಹುದು. ಯುರೋಪಿನ ಸೆರ್ನ್ ಸಂಶೋಧನಾ ಸಂಸ್ಥೆ ನಡೆಸುವ ಆನ್‌ಲೈನ್ ದತ್ತಾಂಶ ಸಂಗ್ರಹ ಅದು, ದುಡ್ಡು ಕೊಡಬೇಕಿಲ್ಲ. ನಾಳೆ ಮತ್ತೊಂದು ಅಂಕಿ ತಿದ್ದಿದರೆ ಎರಡನೇ ಆವೃತ್ತಿ ಅಂತ ಸೇರುತ್ತದೆ, ಮೊದಲನೆಯದೂ ಅಲ್ಲೇ ಉಳಿಯುತ್ತದೆ.


ಎರಿಹೊಲ, ಆಳಂದ:

ಸುದ್ದಿ ಹೇಳ್ತೀನಿ. ಮೂರು ಚೀಲ ಸಿಕ್ಕವು, ಬ್ಯಾರೆ ಲ್ಯಾಬಿನಾಗ ನಂಬರ್ ಮುಚ್ಚಿ ಓಡಿಸಿದ್ವಿ. ಮೂರೂ 0.6 ಕೆಳಗೇ ಬಂದವು, ನೋಟ್‌ಬುಕ್ಕಿನ ಅಂಕಿಗಿ ಹತ್ತಿರ ಅದಾವ. ನಾಲ್ಕನೇ ಚೀಲದ ಚೀಟಿ ಹೆಗ್ಗಣ ಕಡದು ನಂಬರ್ ಹೋಗಿತ್ತು, ಅದನ್ನ ಓಡಿಸಲಿಲ್ಲ. ಅದು ಆ ಹಿರಿಯರ ಹೊಲದ್ದೇ, 0.38ರದ್ದು. ಅವರ ಹೊಲದ ಮಣ್ಣು ಮತ್ತ ತಂದೀವಿ.

ಸರ್ ಮೊದಲು ಗರಂ ಆದ್ರು. ಮೂರು ಅಂಕಿ ಮುಂದ ಇಟ್ಟ ಮ್ಯಾಲ ಏನೂ ಅನಲಿಲ್ಲ, ತಿದ್ದುಪಡಿ ಹಾಳಿ ಮ್ಯಾಲ ಸಹಿ ಹಾಕಿದ್ರು. ಯಾರು ಬದಲಿಸಿದ್ರು ಅಂಬೋದು ಗೊತ್ತಾಗಲಿಲ್ಲ, ಗೊತ್ತಾಗಂಗೂ ಇಲ್ಲ. ‘ಕಾರಣ ತಿಳಿದಿಲ್ಲ’ ಅಂತಲೇ ಆ ಕಾಲಂನಾಗ ಬರದೀನಿ. ಲಾಗಿನ್ ಬ್ಯಾರೆ ಬ್ಯಾರೆ ಆಗ್ಯಾವ.

ಸಭೆಯಾಗ ಹಳಿ, ಹೊಸ ಎರಡೂ ಅಂಕಿ ದೊಡ್ಡ ಹಾಳಿ ಮ್ಯಾಲ ಬರದು ಹನುಮಂತ ದೇವ್ರ ಗುಡಿ ಗ್ವಾಡಿಗಿ ಹಚ್ಚಿದ್ವಿ. ಜೇವರ್ಗಿ ರೋಡಿನವರು ಹೇಳಿದಂಗ ಒಬ್ಬ ಹುಡುಗ ಫೋಟೊ ಹೊಡದು ಸ್ಟೇಟಸ್‌ಗಿ ಹಾಕಿದ್ನಂತ. ಏನು ಬರದಿದ್ದ ನಾ ನೋಡಿಲ್ಲ. ಬೈದವರೂ ಇದ್ರು, “ಹೋದ ವರ್ಷ ಬೆಳಿ ಹೋದ ಮ್ಯಾಲ ಬಂದೀರಿ” ಅಂತ. ಅವರ ಮಾತಿಗಿ ನಾ ಏನು ಹೇಳಲಿ? ಚೀಟಿ ಇಟ್ಕೊಂಡಿದ್ದ ಹಿರಿಯರು ಸಿಟ್ಟಾಗಲಿಲ್ಲ. ಚಷ್ಮಾ ಏರಿಸಿ ಹಾಳಿ ಓದಿ, “ಇವು ನಾಲ್ಕು ತಿಳೀತವ್ವಾ. ಉಳಿದ ಊರಿನ ಅಂಕಿ ಯಾರು ನೋಡ್ಯಾರ?” ಅಂದ್ರು.

ಈಗ ಅದೇ ಕೆಲಸ ಹಿಡದೀನಿ. ನೋಟ್‌ಬುಕ್ ಒಂದೊಂದೇ ಸಾಲು ತಾಳಿ ನೋಡಬೇಕು, ಸಹಾಯಕ್ಕ ಒಬ್ಬ ಹುಡುಗ ಕೊಟ್ಟಾರ. ಎಲ್ಲಾ ಸಾಲು ನೋಡಬೇಕೋ, ನಡುನಡುವ ಆರಿಸಿ ನೋಡಿದ್ರ ನಡೀತದೋ?


ಕಾರಂಜಾ ದಂಡಿ, ಬೀದರ್:

0.6ರ ಆಚೀಚೆ ಇರುವ ಸಾಲುಗಳನ್ನು ಒಂದೂ ಬಿಡಬೇಡಿ. 0.6ರಿಂದ 0.9ರೊಳಗೆ ಇರುವವನ್ನು ಮೊದಲು ಹಿಡಿಯಿರಿ, ನಿಮ್ಮ ನಾಲ್ಕೂ ಅಲ್ಲೇ ಇದ್ದವು. ಉಳಿದದ್ದನ್ನು ಚೀಟಿ ಎತ್ತಿದಂತೆ ಆರಿಸಿ ನೋಡಿ, ಅದರಲ್ಲಿ ಒಂದು ತಪ್ಪು ಸಿಕ್ಕರೂ ಎಲ್ಲವನ್ನೂ ನೋಡಬೇಕಾಗುತ್ತದೆ. ಒಬ್ಬರು ನೋಟ್‌ಬುಕ್ ಓದಲಿ, ಇನ್ನೊಬ್ಬರು ಪರದೆ ನೋಡಲಿ.


ಶಹಾಪುರ ಮಾಸ್ತರ್:

ಓದೋರು, ನೋಡೋರು ಇಬ್ಬರೂ ಮೊದಲು ಟೈಪ್ ಮಾಡಿದವರು ಆಗಿರಬಾರ್ದು. ಮತ್ತ ಮಧ್ಯಾಹ್ನ ಊಟ ಆದ ಮ್ಯಾಲ ಈ ಕೆಲಸ ಹಿಡೀಬ್ಯಾಡ್ರಿ, ಮುಂಜಾನಿ ಮಾಡ್ರಿ.